ನಾಂದಿಯಾಗುವವರೆಗೆ

ಸೀಮೆಎಣ್ಣೆಯ ವಾಸನೆಯೊಳಗೆ ಇಂಗು ಎಲ್ಲಿಂದ ಬಂತು, ಓ, ಹಿತ್ತಿಲಲ್ಲಿ ಅಡುಗೆಯವರು ಹುಳಿಗೆ ಒಗ್ಗರಣೆ ಹಾಕಿದ್ದಾರೆ, ಪುರೋಹಿತರೂ ಬಂದಾಗಿದೆ, ಇನ್ನೇನು ಅಪ್ಪನನ್ನೂ ಅಮ್ಮನನ್ನೂ ನಾಂದಿಗೆ ಕೂರಿಸುತ್ತಾರೆ — ಈ ಡಾಂಬರು ಮಾತ್ರ ಬಿಡುತ್ತಿಲ್ಲ, ಫಿಯಟ್ಟಿನ ಮುಂದಿನ ಚಕ್ರದ ತುಂಬ ಕಪ್ಪು ಬೊಟ್ಟು, ಉಜ್ಜಿದಷ್ಟೂ ಹರಡುತ್ತದೆ, ಬಟ್ಟೆ ನೆನೆಸಿ ಒತ್ತಿ ಹಿಡಿ, ಮೆತ್ತಗಾಗಲಿ, ಆಮೇಲೆ ಉಜ್ಜು, ಮೂರು ನಾಲ್ಕು, ಮೂರು ನಾಲ್ಕು, ಅಯ್ಯೋ, ಕೈಗೆ ಈಗಲೂ ಮಾಮನ ಲಯವೇ, ಷಟ್ಪದಿಯ ಲಯ, ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲೆ ತಟ್ಟಿಸಿ ಕಲಿಸಿದ್ದು, ರಾಮಮಂದಿರದಲ್ಲಿ ಮಾಮ ಕಾವ್ಯ ಓದಲು ಕೂತರೆ ಅಮ್ಮ ಕಂಬಕ್ಕೊರಗಿ ತಲೆ ಒಂದಿಷ್ಟು ವಾಲಿಸಿ ಕಿವಿ ಕೊಡುತ್ತಿದ್ದಳು, ಬಲಗಿವಿ, ಓಲೆಯ ಹರಳು ದೀಪಕ್ಕೆ ಮಿನುಗುತ್ತ — ಆ ಮಾಮ ಈಗ ಕಾಟನ್‌ಪೇಟೆಯ ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿದ್ದಾರೆ, ಮಲಗಿದ್ದಾರೆ ಅಂತ ಯಾಕೆ ಅನ್ನುತ್ತೀ, ವಾದಿರಾಜ ಮಾಮ ಬೆಳಗಿನ ಜಾವ ಹೋಗಿಬಿಟ್ಟರು.

ಫೋನು ಎತ್ತಿದ್ದು ನಾನು, ದೇವರ ದಯೆ, ಅಮ್ಮ ಬಚ್ಚಲಲ್ಲಿದ್ದಳು, ಆ ಕಡೆಯಿಂದ ಅತ್ತೆ, ಶ್ರೀಹರೀ, ಹೋಗ್ಬಿಟ್ರಪ್ಪಾ, ನಿಮ್ಮಮ್ಮಂಗೆ ಹೇಳ್ಬೇಡ, ಅವರೇ ಹೇಳಿದ್ರು, ನಂಗೇನಾದ್ರೂ ಆದ್ರೆ ನಾಂದಿ ಆಗೋವರ್ಗೂ ಅಕ್ಕನ ಕಿವಿಗೆ ಹಾಕ್ಬೇಡಿ ಅಂತ. ತಮ್ಮ ಹೋದ ಸುದ್ದಿ ಅಕ್ಕನ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ, ಸೂತಕದಲ್ಲಿ ನಾಂದಿಗೆ ಕೂರುವಂತಿಲ್ಲ, ನಾಂದಿ ಆಗಿಬಿಟ್ಟರೆ ಆಮೇಲೆ ಏನು ಕೇಳಿದರೂ ಮದುವೆ ನಿಲ್ಲುವುದಿಲ್ಲ, ಶಾಸ್ತ್ರಕ್ಕೆ ಎಷ್ಟು ಕರುಣೆ, ಎಷ್ಟು ಕಲ್ಲೆದೆ, ತಂಗಿ ಸುಪ್ರಜಾಳ ಮದುವೆ ಆಗಲೇ ಒಂದು ಸಲ ನಿಂತಿದೆ, ಗಂಡಿನ ಅಜ್ಜಿ ತೀರಿಕೊಂಡಾಗ, ಇನ್ನೊಂದು ಸಲ ನಿಂತರೆ ಹುಡುಗಿಯ ಕಾಲ್ಗುಣ ಅನ್ನುತ್ತಾರೆ, ಅಂದೇ ಅನ್ನುತ್ತಾರೆ. ಹೂವಿಗೆ ಮಾರ್ಕೆಟ್ಟಿಗೆ ಹೋಗ್ತೀನಮ್ಮಾ ಅಂದೆ, ಸುಳ್ಳಲ್ಲ, ಮೊದಲು ಅಲ್ಲಿಗೇ ಹೋದೆ, ಹೂವನ್ನು ಆಟೋದಲ್ಲಿ ಮನೆಗೆ ಕಳಿಸಿ ಆಮೇಲೆ ಮಾಮನ ಬೀದಿಗೆ ತಿರುಗಿಸಿದೆ, ರಾತ್ರಿ ಹಾಕಿದ ಡಾಂಬರು ಇನ್ನೂ ಹಸಿ, ಚಕ್ರ ಚಟಚಟ ಅಂದದ್ದು ಕೇಳಿಸಿತು, ನಿಲ್ಲಿಸಲಿಲ್ಲ. ಮಾಮನ ಪಾದ ಮುಟ್ಟಿದೆ, ತಣ್ಣಗಿತ್ತು, ಅಲ್ಲೇ ನಲ್ಲಿಯ ಕೆಳಗೆ ತಲೆ ಕೊಟ್ಟು ಬಂದೆ, ಆದರೂ ಒಳಗೆ ಹೇಗೆ ಹೋಗಲಿ, ನನ್ನ ಕಿವಿಗಂತೂ ಬಿದ್ದಾಗಿದೆ, ಅದಕ್ಕೇ ಇಲ್ಲಿ, ಗೇಟಿನ ಹತ್ತಿರ, ಚಕ್ರದ ಮುಂದೆ ಕುಕ್ಕರುಗಾಲಲ್ಲಿ.

ಉಜ್ಜು, ಬೇಗ, ಅಮ್ಮ ನೋಡುವುದರೊಳಗೆ, ಅವಳಿಗೆ ಈ ಟಾರಿನ ಬೀದಿ ಗೊತ್ತು, ಮೊನ್ನೆ ಮಾಮನೇ ಫೋನಿನಲ್ಲಿ, ಅಕ್ಕಾ, ನಮ್ಮ ಬೀದಿಗೆ ಟಾರು ಹಾಕ್ತಿದಾರೆ ಕಣೇ, ಹೊಗೆಗೆ ಕೆಮ್ಮು ಜಾಸ್ತಿಯಾಗಿದೆ, ಮದುವೇಲಿ ಓದಕ್ಕೆ ಗಂಟ್ಲು ಇರತ್ತೋ ಇಲ್ವೋ, ಅದಕ್ಕೆ ಅಮ್ಮ, ಕಲ್ಲುಸಕ್ಕರೆ ಹಾಕ್ಕೋ, ಸುಮ್ನೆ ಬಿದ್ಕೋ, ನೀನು ಓದ್ದೆ ಅದೇನು ಮದುವೇನೋ ಅಂದಿದ್ದಳು, ರಿಸೀವರು ಬಲಗಿವಿಗೆ ಒತ್ತಿಕೊಂಡು, ನಗುತ್ತ. ಅವಳು ಒಂದು ಮಾತು ಕೇಳಿದರೆ ಸಾಕು, ನನಗೆ ಸುಳ್ಳು ಬರುವುದಿಲ್ಲ, ಅವಳ ಮುಂದಂತೂ ಬಂದೇ ಇಲ್ಲ — ಏನೋ ಶ್ರೀಹರೀ, ಸೀಮೆಎಣ್ಣೆ ಅಭ್ಯಂಜನ ನಡೀತಿದೆ, ಮದುವೆ ತಂಗೀಗೋ ಕಾರಿಗೋ, ಪಕ್ಕದ ಮನೆ ಶೈಲಜಮ್ಮ, ಕಾಂಪೌಂಡಿನ ಮೇಲೆ ಬರೀ ತಲೆ, ಕೊಬ್ಬರಿ ಎಣ್ಣೆ ಹಚ್ಚೋ, ಬೆಣ್ಣೆ ಥರ ಬಿಟ್ಕೊಳತ್ತೆ, ಅಲ್ಲಾ, ಇಷ್ಟು ಟಾರು ಎಲ್ಲಿ ತುಳಿಸ್ಕೊಂಡು ಬಂದ್ಯೋ, ನಮ್ಮ ಬಸವನಗುಡೀಲಿ ಎಲ್ಲೂ ಹಾಕಿಲ್ವಲ್ಲ, ಮೆಲ್ಲಗೆ ಶೈಲಜಮ್ಮನೋರೇ, ಮೆಲ್ಲಗೆ, ಆ ಗಂಟಲು ಮೂರು ಮನೆಗೆ ಕೇಳುತ್ತದೆ, ಹಿಂದಿನ ಚಕ್ರ ಇನ್ನೂ ಮುಟ್ಟೇ ಇಲ್ಲ, ಬಟ್ಟೆ ಕಪ್ಪಾಗಿ ಹೋಯಿತು, ಇನ್ನೊಂದು, ಇನ್ನೊಂದು ಬಟ್ಟೆ ಎಲ್ಲಿ —

ಬಾಗಿಲಲ್ಲಿ ಅಮ್ಮ. ಕೈಯಲ್ಲಿ ಮಾವಿನೆಲೆ, ಬೆರಳ ತುಂಬ ಅರಿಶಿನ, ಕಾರಿಗೂ ಒಂದು ತೋರಣ ಕಟ್ಬಿಡ್ತೀನಿ ಕಣೋ, ಬೇಡಮ್ಮಾ, ಆಮೇಲೆ, ನೀನು ನಾಂದಿಗೆ ಕೂತ್ಕೋ ಹೋಗು, ಇಳಿದು ಬರುತ್ತಿದ್ದಾಳೆ, ಹತ್ತಿರ, ಅವಳ ಸೆರಗು ತಗುಲದ ಹಾಗೆ ನಾನು ಸರಿಯುತ್ತೇನೆ, ಸರಿದದ್ದನ್ನು ನೋಡುತ್ತಾಳೆ, ನನ್ನ ಕಣ್ಣನ್ನು, ಹಿಂದಿನ ಚಕ್ರವನ್ನು, ಆ ಕಪ್ಪನ್ನು, ಮತ್ತೆ ನನ್ನನ್ನು, ಕಾಟನ್‌ಪೇ— ಅಂದವಳು ಅಲ್ಲಿಗೇ ನಿಲ್ಲಿಸಿದಳು. ಒಳಗಿಂದ ಪುರೋಹಿತರು, ಅಮ್ಮಾ, ಬನ್ನಿ, ಸಂಕಲ್ಪಕ್ಕೆ ಹೊತ್ತಾಯ್ತು. ನನ್ನ ಬಾಯಿ ತೆರೆದುಕೊಂಡಿದೆ, ಯಾಕೆ ತೆರೆಯಿತು, ಮುಚ್ಚು, ಅಮ್ಮಾ ಅಂದೆ ಅಷ್ಟೆ — ಮಾವಿನೆಲೆ ಕೆಳಗೆ ಬಿತ್ತು, ಅವಳ ಎರಡೂ ಕೈ ಮೇಲಕ್ಕೆ, ಬೆರಳು ಕಿವಿಯೊಳಕ್ಕೆ, ಕಣ್ಣು ತುಂಬಿ ಬಂದಿದೆ, ತಲೆಯಾಡಿಸುತ್ತಾಳೆ, ಬೇಡ, ಬೇಡ, ತಿರುಗಿ ನಡೆದಳು, ಮೆಟ್ಟಿಲು, ಹೊಸಿಲು, ವಾಲಗ ಶುರುವಾಯಿತು, ಕೈ ಇಳಿಸಲಿಲ್ಲ, ಇನ್ನೂ ಇಳಿಸಿಲ್ಲ, ಹರಳಿನ ಮೇಲೆ ಅರಿಶಿನ, ಬಲಗಿವಿ, ಒತ್ತಿ ಹಿಡಿದ ಬೆರಳು, ಬಲಗಿವಿ, ಬೆರಳು