ಬಿಳಿ ದಾರದ ಇಪ್ಪತ್ತು ಚೌಕ

ಊರು ಕಟ್ಟಿ ತೀರಿಹೋದ ಹಿರಿಯರು ಮೂಡಲ ದಿಕ್ಕಿನ ತೋಪಿನಲ್ಲಿ ನೆಲೆಸಿದ್ದಾರೆ. ಅಲ್ಲಿ ಬಿದ್ದ ಎಲೆಯನ್ನು ಯಾರೂ ಹೊರಗೆ ಒಯ್ಯುವುದಿಲ್ಲ, ಬೆಂಕಿ ಹಾಕುವುದಿಲ್ಲ. ಒಣಕಡ್ಡಿ ಎತ್ತಬೇಕಾದರೂ ಹಿರಿಯರ ಅಪ್ಪಣೆ ಬೇಕು. ಆ ಅಪ್ಪಣೆ ಕೇಳುವ ಬಾಯಿ ಇಪ್ಪತ್ತೆರಡು ವರ್ಷದಿಂದ ಬುನ್ಮಾ ಎಂಬವನದು. ಕಳೆದ ಮಳೆಗಾಲದಲ್ಲಿ ಅವನ ಬಲಮೈ ಸೋತು, ಆ ಬಾಯಿಯೂ ಒಂದು ಕಡೆಗೆ ವಾಲಿತು. ಅಂದಿನಿಂದ ತೋಪಿಗೆ ಹೋಗಿಬರುವವಳು ಅವನ ಹೆಂಡತಿ ತೊಂಗ್‌ಬಾಯ್. ಹಿರಿಯರೊಡನೆ ಮಾತಾಡುವ ಹಕ್ಕು ಅವಳಿಗಿಲ್ಲ. ಅಲ್ಲಿರುವ ಅವರ ಗುಡಿಯ ಮುಂದೆ ಹೂವಿಟ್ಟು, ಕೈಮುಗಿದು, ಸುಮ್ಮನೆ ಹಿಂದಿರುಗುತ್ತಾಳೆ.

ತೋಪಿನ ಮೂರು ಕಡೆಯೂ ಈಗ ನೀಲಗಿರಿ. ತೋಪಿನ ಜಾಗಕ್ಕೂ ಅದೇ ಬರಬೇಕೆಂದು ಜಿಲ್ಲಾ ಕಚೇರಿಯ ಕಾಗದವೊಂದು ಹೇಳುತ್ತಿತ್ತು. ಆ ಕಾಗದದಲ್ಲಿ ತೋಪಿಗೆ 'ಕೆಟ್ಟುಹೋದ ಕಾಡು' ಎಂದು ಹೆಸರು. ಕೆಟ್ಟುಹೋದದ್ದನ್ನು ಕಡಿದು ಹೊಸದಾಗಿ ನೆಡಬಹುದು. ಊರಿನವರು ಅರ್ಜಿಯ ಮೇಲೆ ಅರ್ಜಿ ಕೊಟ್ಟು ಚಪ್ಪಲಿ ಸವೆಸಿದ ಮೇಲೆ ಕಚೇರಿಯ ಸಮಿತಿ ಒಂದೇ ಒಂದು ಬಾಗಿಲು ತೆರೆದಿಟ್ಟಿತು: ತೋಪು ಕೆಟ್ಟಿಲ್ಲ ಎಂದು ಯಾರಾದರೂ ಲೆಕ್ಕ ಹಾಕಿ ತೋರಿಸಬೇಕು, ಅದೂ ಬರುವ ಸೋಮವಾರದೊಳಗೆ.

ತೋರಿಸಲು ಬಂದವಳು ವರನ್ಯಾ. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳಾದ್ದರಿಂದ ಊರೆಲ್ಲ ಅವಳನ್ನು ಆಚಾನ್ ಎಂದೇ ಕರೆಯಿತು. ತೆಳ್ಳಗಿನ ಹೆಂಗಸು, ಬಿಸಿಲಿಗೆ ಮೂಗು ಸುಲಿದಿತ್ತು. ಮರ ಎಣಿಸುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರೆ ಅವಳು ಇರುವೆ ಎಣಿಸುತ್ತೇನೆಂದಳು.

"ಮರ ಎಣಿಸಿ ಕೊಟ್ರೆ, ಹೋದ ವರ್ಷ ನೀವೇ ನೆಟ್ಟಿದ್ದು ಅಂತಾರೆ," ಎಂದು ಅವಳು ಬುನ್ಮಾನ ಚಾಪೆಯ ಪಕ್ಕ ಕುಳಿತು ಹೇಳಿದ್ದಳು. "ಇರುವೆನ ಯಾರೂ ನೆಡೋಕಾಗಲ್ಲ ಅಪ್ಪ. ಕಾಡು ಇದ್ರೆ ಅವು ಇರ್ತವೆ, ಇಲ್ದಿದ್ರೆ ಇಲ್ಲ."

ಬುನ್ಮಾನ ಕಣ್ಣಲ್ಲಿ ನೀರು ಬಂದಿತ್ತು.

ಕ್ರಮ ಹೀಗಿತ್ತು. ನೀಲಗಿರಿಯಲ್ಲಿ ಇಪ್ಪತ್ತು ಚೌಕ, ತೋಪಿನಲ್ಲಿ ಇಪ್ಪತ್ತು. ಎರಡು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಎಲ್ಲಿ ಬರಬೇಕೆಂದು ಅವಳು ಆರಿಸುವಂತಿಲ್ಲ. ಕಚೇರಿಯವನೂ ನೀಲಗಿರಿ ಕಂಪನಿಯವನೂ ಎದುರಿಗೆ ಕುಳಿತು, ಚೀಟಿ ಎತ್ತಿ, ಸಂಖ್ಯೆ ಬರೆದು ಸಹಿ ಹಾಕಿದ್ದರು. ಪ್ರತಿ ಚೌಕದ ತರಗೆಲೆಯನ್ನು ಕೆರೆದು ಜರಡಿ ಹಿಡಿದು, ಉಳಿದ ಪುಡಿಯನ್ನು ಬಟ್ಟೆಯ ಚೀಲದಲ್ಲಿ ಮೂರು ದಿನ ನೇತುಹಾಕಬೇಕು. ಎಲೆ ಒಣಗಿದಂತೆ ತೇವ ಹುಡುಕುತ್ತ ಇರುವೆಗಳು ಕೆಳಗಿಳಿದು ಸ್ಪಿರಿಟ್ ತುಂಬಿದ ಸೀಸೆಗೆ ಬೀಳುತ್ತವೆ. ಆಮೇಲೆ ಅದೇ ಚೌಕದಲ್ಲಿ ಅರ್ಧ ಗಂಟೆ ಕೈಯಿಂದ ಹುಡುಕಿ ಸಿಕ್ಕಿದ್ದನ್ನು ಹಿಡಿಯಬೇಕು. ನೀಲಗಿರಿಯಲ್ಲಿ ಹೋದ ವಾರವೇ ಮುಗಿದು ಹದಿನೇಳು ಬಗೆ ಸಿಕ್ಕಿದ್ದವು. ತೋಪಿನಲ್ಲಿ ಅದರ ಎರಡರಷ್ಟು, ಮೂವತ್ತನಾಲ್ಕು ಬಗೆ ಸಿಕ್ಕರೆ ಕಾಗದದ ಮೇಲಿನ 'ಕೆಟ್ಟುಹೋದ' ಎಂಬ ಮಾತು ಅಳಿಯುತ್ತದೆ.

ಬುಧವಾರ ಸಂಜೆ ಆಚಾನ್ ತೋಪಿನಲ್ಲಿ ಚೌಕ ಗುರುತು ಮಾಡಿದಳು. ಅವಳ ಕೆಂಪು ಪ್ಲಾಸ್ಟಿಕ್ ಪಟ್ಟಿ ಮುಗಿದುಹೋಗಿತ್ತು. ತೊಂಗ್‌ಬಾಯ್‌ಳ ನೆರೆಮನೆಯ ಸವಾಯಳ ಅಂಗಡಿಗೆ ಹೋಗಿ ಬಿಳಿ ನೂಲಿನ ಉಂಡೆ ತಂದು, ನಾಲ್ಕು ಮೂಲೆಗೂ ಗೂಟ ಹೊಡೆದು, ಅದನ್ನೇ ಸುತ್ತಿ ಹೋದಳು.

ಗುರುವಾರ ಶೀಲದ ದಿನ, ಬುದ್ಧನ ಹೆಸರಲ್ಲಿ ವ್ರತ ಹಿಡಿಯುವ ದಿನ. ತೊಂಗ್‌ಬಾಯ್ ಬೆಳಗಿನ ಜಾವ ವಿಹಾರಕ್ಕೆ ಹೋಗಿ ಬಿಳಿಬಟ್ಟೆ ಉಟ್ಟು ಎಂಟು ಶೀಲ ತೆಗೆದುಕೊಂಡು ಬಂದಿದ್ದಳು. ಬುನ್ಮಾ ಚಾಪೆಯಿಂದಲೇ ತೊದಲಿದ: "ಇವತ್ತು ಆಚಾನ್ ಬರ್ತಾರೆ. ತೋಪು ಒಪ್ಪವಾಗಿರಬೇಕು ಕಣೆ. ಒಂದು ಸಲ ಗುಡಿಸಿಬಿಡು."

"ನೀನು ಹೇಳ್ಬೇಕಾ? ನಾನೇನು ಹೊಸ್ದಾಗಿ ಬಂದ ಸೊಸೇನಾ?" ಎಂದು ಕಡ್ಡಿಪೊರಕೆ ಎತ್ತಿಕೊಂಡು ನಡೆದಳು.

ತೋಪಿಗೆ ಕಾಲಿಟ್ಟವಳು ಅಲ್ಲೇ ನಿಂತಳು. ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ನೂಲಿನ ಚೌಕ. ಹುಟ್ಟಿದಾಗ ಮಣಿಕಟ್ಟಿಗೆ ಕಟ್ಟುವುದು ಆ ನೂಲು. ಮನೆ ಹೊಕ್ಕಾಗ ಸೂರಿಗೆ ಸುತ್ತುವುದು, ಭಿಕ್ಷುಗಳು ಮಂತ್ರ ಹೇಳುವಾಗ ಕೈಯಿಂದ ಕೈಗೆ ಹಾಯುವುದು, ಕೊನೆಗೆ ಹೆಣದ ಪೆಟ್ಟಿಗೆಗೆ ಕಟ್ಟಿ ಸುಡುಗಾಡಿನವರೆಗೆ ಹಿಡಿದು ನಡೆಯುವುದು ಅದೇ ನೂಲು. ಅದು ಸುತ್ತಿದ ನೆಲ ಪುಣ್ಯದ ನೆಲ. ಆಚಾನ್ ಓದಿದವಳಾದರೂ ಹಿರಿಯರಿಗೆ ಮರ್ಯಾದೆ ಮಾಡಿಯೇ ಕೆಲಸ ಶುರುಮಾಡುತ್ತಾಳಲ್ಲ ಎಂದು ತೊಂಗ್‌ಬಾಯ್‌ಗೆ ಹೃದಯ ತುಂಬಿಬಂತು. ಆದರೆ ಅಂಥ ನೆಲದ ಮೇಲೆ ಮೊಣಕಾಲು ಮಟ್ಟ ಕಸ!

ಅವಳು ನೂಲು ಕದಲದಂತೆ ಒಂದೊಂದೇ ಚೌಕದೊಳಗೆ ಬಾಗಿ ಗುಡಿಸಿದಳು. ವಿಹಾರದ ಅಂಗಳ ಗುಡಿಸುವಂತೆ, ಪೊರಕೆಯ ಗೆರೆ ಬಿದ್ದು ಕೆಂಪುಮಣ್ಣು ಹೊಳೆಯುವವರೆಗೆ. ಎಲೆ ಹೊರಗೆ ಹೋಗುವಂತಿಲ್ಲವಲ್ಲ, ಬುಟ್ಟಿಬುಟ್ಟಿಯಾಗಿ ಹೊತ್ತು ಗುಡಿಯ ಹಿಂದಿನ ದೊಡ್ಡ ಯಾಂಗ್ ಮರದ ಬುಡಕ್ಕೆ ಸುರಿದಳು. ಇಪ್ಪತ್ತೂ ಮುಗಿದ ಮೇಲೆ ಒಂದೊಂದರ ನಡುವೆ ಒಂದೊಂದು ದೇವಕಣಗಿಲೆ ಹೂ ಇಟ್ಟು ಬೆನ್ನು ಹಿಡಿದುಕೊಂಡು ಕುಳಿತಳು.

ಆಚಾನ್ ಬಂದಾಗ ಒಂಬತ್ತು ಗಂಟೆ. ಚೀಲದ ಹೊರೆ ಹೊತ್ತು ಸವಾಯಳೂ ಜೊತೆಗಿದ್ದಳು. ಆಚಾನ್ ಮೊದಲ ಚೌಕ ನೋಡಿದಳು. ಎರಡನೆಯದರ ಬಳಿಗೆ ಓಡಿದಳು. ಏಳನೆಯದರ ಹತ್ತಿರ ಅವಳ ಕೈಯಿಂದ ಜರಡಿ ಜಾರಿ ಬಿತ್ತು.

"ಯಾರು... ಇದನ್ನ ಯಾರು ಮಾಡಿದ್ದು?"

"ನಾನೇ," ಎಂದಳು ತೊಂಗ್‌ಬಾಯ್ ನಗುತ್ತ. "ಇಪ್ಪತ್ತನ್ನೂ ನಾನೊಬ್ಳೇ. ಇವಳನ್ನ ಕರೆದ್ರೆ ಅಂಗಡಿ ಬಿಟ್ಟು ಬರ್ತಾಳಾ!"

"ನೋಡಿ ಆಚಾನ್, ನಮ್ಮಕ್ಕ ಗುಡಿಸಿದ ಕಡೆ ಇರುವೆನೂ ಜಾರಿ ಬೀಳ್ತದೆ," ಎಂದು ಸವಾಯ್ ನಕ್ಕಳು. ಆಚಾನ್ ನಗಲಿಲ್ಲ. ಇದ್ದಲ್ಲೇ ಕುಕ್ಕರಿಸಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಸವಾಯಳ ನಗು ಅರ್ಧಕ್ಕೇ ನಿಂತಿತು.

ಆಚಾನ್ ತಗ್ಗಿದ ದನಿಯಲ್ಲಿ ವಿವರಿಸಿದಳು. ತೋಪಿನ ಇರುವೆ ಬಹುಪಾಲು ಇರುವುದು ಆ ಕಸದಲ್ಲೇ. ನೀಲಗಿರಿಯ ಕೆಳಗೆ ಅಂಥ ಎಲೆಯಿಲ್ಲ, ಅದಕ್ಕೇ ಅಲ್ಲಿ ಹದಿನೇಳಕ್ಕೆ ನಿಂತಿತು. ತೋಪು ಗೆಲ್ಲಬೇಕಾದ ಜಾಗ ಅದೊಂದೇ.

ತೊಂಗ್‌ಬಾಯ್ ಗುಡಿಯ ಹಿಂದಕ್ಕೆ ಕೈ ತೋರಿಸಿದಳು. "ಎಲೆ ಎಲ್ಲೂ ಹೋಗಿಲ್ಲ ಆಚಾನ್! ಮರದ ಹಿಂದೆ ರಾಶಿ ಹಾಕಿದೀನಿ. ಈಗಲೇ ತಂದು ಹಾಕ್ತೀನಿ."

"ಯಾವ ಎಲೆ ಯಾವ ಚೌಕದ್ದು ಅಮ್ಮ? ನೀವು ನೂಲಿನ ಆಚೆಯದನ್ನೂ ಎಳ್ಕೊಂಡಿದ್ದೀರಿ. ಎಲ್ಲ ಕಲಸಿಹೋಯ್ತು."

"ಬೇರೆ ಕಡೆ ನೂಲು ಸುತ್ತಿದ್ರೆ?"

"ಸಂಖ್ಯೆಗೆ ಸಹಿ ಆಗಿದೆ. ಮತ್ತೆ ಚೀಟಿ ಎತ್ತಬೇಕಂದ್ರೆ ಇಬ್ರೂ ಬರಬೇಕು. ಬಂದ್ರೂ ಚೀಲ ಮೂರು ದಿನ ತೂಗಬೇಕು. ಸೋಮವಾರಕ್ಕೆ ಆಗಲ್ಲ."

"ಥೂ, ನನ್ನ ಅಂಗಡಿಗೆ ಬೆಂಕಿ ಬೀಳ," ಎಂದಳು ಸವಾಯ್. "ಅಷ್ಟೊಂದು ನೂಲು ಯಾಕೆ, ಮದುವೆಯಾ ತಿಥಿಯಾ ಅಂತ ಕೇಳಿದೆ. ಇವರು ಸುಮ್ನೆ ನಕ್ರು. ಆಗ್ಲೇ ಬಾಯಿಬಿಟ್ಟು ಹೇಳ್ಬಾರ್ದಿತ್ತಾ!"

ಯಾರ ತಪ್ಪೆಂದು ಹುಡುಕಿ ಪ್ರಯೋಜನವಿರಲಿಲ್ಲ. ಉಳಿದದ್ದು ಕೈಹುಡುಕಾಟ. ಇಪ್ಪತ್ತೂ ಒಂದೇ ದಿನ ಮುಗಿಯಬೇಕೆಂಬುದು ಕ್ರಮ; ಚೌಕಕ್ಕೆ ಅರ್ಧ ಗಂಟೆ, ಇಪ್ಪತ್ತಕ್ಕೆ ಹತ್ತು ಗಂಟೆ. ಒಬ್ಬಳಿಂದ ಕತ್ತಲಾಗುವುದರೊಳಗೆ ಮುಗಿಯದು.

"ಇನ್ನೊಬ್ಬರ ಕಣ್ಣು ಬೇಕು," ಎಂದು ಆಚಾನ್ ತೊಂಗ್‌ಬಾಯ್‌ಳ ಬಿಳಿ ಶಲ್ಯ ನೋಡಿ ಮಾತು ನುಂಗಿದಳು. ಹಿಡಿದದ್ದನ್ನು ಸ್ಪಿರಿಟ್‌ನಲ್ಲಿ ಮುಳುಗಿಸಬೇಕು. ಎಂಟು ಶೀಲದಲ್ಲಿ ಮೊದಲನೆಯದೇ ಜೀವ ತೆಗೆಯೆನು ಎಂಬುದು.

"ನಾನು ಬರ್ತೀನಿ," ಎಂದಳು ಸವಾಯ್, "ಆದ್ರೆ ಕನ್ನಡಕ ಇಲ್ದೆ ನಂಗೆ ಗಿರಾಕಿ ಮುಖಾನೇ ಕಾಣಲ್ಲ."

ತೊಂಗ್‌ಬಾಯ್ ಎದ್ದಳು. ಗುಡಿಯ ಮುಂದೆ ಹೋಗಿ ಶಲ್ಯ ತೆಗೆದು ಮಡಿಸಿ ಮೆಟ್ಟಿಲ ಮೇಲಿಟ್ಟಳು. ಹಿರಿಯರೊಡನೆ ಮಾತಾಡುವ ಹಕ್ಕಿಲ್ಲದವಳು ಅಂದು ಮಾತಾಡಿದಳು. "ಇದನ್ನ ಇಲ್ಲಿಡ್ತೀನಿ ಅಜ್ಜ. ಪಾಪ ನನ್ನದು, ನನ್ನ ಗಂಡನ ಲೆಕ್ಕಕ್ಕೆ ಹಾಕಬೇಡಿ. ನಿಮ್ಮ ಮನೇಲಿ ನಿಮ್ಮ ಮಕ್ಕಳನ್ನೇ ಹಿಡೀತೀನಿ. ಕಣ್ಣು ಮುಚ್ಕೊಳ್ಳಿ."

ಇಬ್ಬರೂ ಚೌಕ ಹಂಚಿಕೊಂಡರು, ಸೀಸೆ ಕೈಗೆ ಬಂತು. ಮೊದಲು ಹಿಡಿದದ್ದು ಒಂದು ಕಪ್ಪು ಗೊದ್ದ. ಅದು ಸ್ಪಿರಿಟ್‌ನಲ್ಲಿ ಕಾಲು ಮಡಿಸಿ ತಳ ಸೇರುವವರೆಗೆ ನೋಡಿದಳು. ಆಮೇಲೆ ನೋಡಲಿಲ್ಲ. ಮಣ್ಣಿಗೆ ಮೂಗು ಮುಟ್ಟಿಸಿ ಹುಡುಕಿದಳು. ತೊಗಟೆಯ ಬಿರುಕಿನಲ್ಲಿ ಸಾಲು ಹರಿಯುವ ಕೆಂಚನೆಯವು, ಒಣಬಳ್ಳಿ ಮುರಿದರೆ ಒಳಗಿಂದ ಇಣುಕುವ ಕಡ್ಡಿಯಂಥವು, ಬೇರಿನ ಸಂದಿಯಲ್ಲಿ ಸತ್ತಂತೆ ನಟಿಸುವ ಮುಳ್ಳುಬೆನ್ನಿನವು. ಕೆಂಜಿಗ ತುಟಿ ಕಚ್ಚಿತು. ಅದನ್ನು ಬಿಡಿಸಿ ಸೀಸೆಗೆ ಹಾಕಿ, "ಕಚ್ಚು, ನಿಂಗೆ ನ್ಯಾಯ ಇದೆ," ಎಂದಳು. ಪೊರಕೆಯ ಗೆರೆ ಎದ್ದುಕಾಣುವ ನೆಲದಲ್ಲಿ ಮಾತ್ರ ಏನೂ ಸಿಗಲಿಲ್ಲ. ಎಷ್ಟು ಚೆನ್ನಾಗಿ ಗುಡಿಸಿದ್ದಳೋ ಅಷ್ಟು ಬರಿದು. ಮಧ್ಯಾಹ್ನ ಸವಾಯ್ ತಂದ ಅಂಟಕ್ಕಿ ಅನ್ನ ಬುಟ್ಟಿಯಲ್ಲೇ ಗಟ್ಟಿಯಾಯಿತು.

ಆಚಾನ್ ಬಿಳಿ ತಟ್ಟೆಯ ಮೇಲೆ ಬಗೆಬಗೆಯಾಗಿ ವಿಂಗಡಿಸುತ್ತ ಹೋದಳು. ಹತ್ತು ಚೌಕಕ್ಕೆ ಇಪ್ಪತ್ತೆರಡು. ಹದಿನೈದಕ್ಕೆ ಇಪ್ಪತ್ತೊಂಬತ್ತು. ತೊಂಗ್‌ಬಾಯ್‌ಳ ಮೊಣಕಾಲು ರಕ್ತವಾಗಿತ್ತು. ಹದಿನೆಂಟಕ್ಕೆ ಮೂವತ್ತಮೂರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟನೆ ಬೇರೆಡೆ ತಿರುಗಿದರು. ಹತ್ತೊಂಬತ್ತರಲ್ಲಿ ಹೊಸದೇನೂ ಇಲ್ಲ. ಇಪ್ಪತ್ತರಲ್ಲಿ ಮರವೂ ಇರಲಿಲ್ಲ, ಬೇರೂ ಇರಲಿಲ್ಲ, ಬರೀ ಹೊಳೆಯುವ ಮಣ್ಣು, ನಡುವೆ ಬಾಡಿದ ಹೂವು. ಅರ್ಧ ಗಂಟೆ ಇಬ್ಬರೂ ಅದರ ಮೇಲೆ ಬೋರಲಾಗಿದ್ದರು. ಗಡಿಯಾರ ಕೂಗಿತು.

ಮೂವತ್ತಮೂರು.

ಆಚಾನ್ ಪಟ್ಟಿ ತುಂಬಲು ಕುಳಿತಳು. ತರಗೆಲೆಯ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಆ ಪೆನ್ನಿನ ಸದ್ದು ಕೇಳಲಾರದೆ ತೊಂಗ್‌ಬಾಯ್ ಗುಡಿಯ ಹಿಂದಕ್ಕೆ ಹೋಗಿ ರಾಶಿಯ ಪಕ್ಕ ಕುಸಿದಳು. ಸುಮ್ಮನೆ ಒಂದು ಹಿಡಿ ಎಲೆ ಎತ್ತಿದಳು. ತೇವದ ಎಲೆಯ ಅಡಿಯಲ್ಲಿ ಎಳ್ಳಿಗಿಂತ ಚಿಕ್ಕದೊಂದು ಇರುವೆ ನಿಧಾನವಾಗಿ ನಡೆಯುತ್ತಿತ್ತು. ದವಡೆ ತೆರೆದ ಇಕ್ಕುಳದ ಹಾಗೆ. ಮಧ್ಯಾಹ್ನ ಆಚಾನ್ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಹಳೆಯ ಎಲೆಯಲ್ಲಿ ಮಾತ್ರ ಬದುಕುವುದು. ಮೂವತ್ತಮೂರರಲ್ಲಿ ಇದು ಇರಲಿಲ್ಲ.

ಅದನ್ನು ಅಂಗೈಯಲ್ಲಿಟ್ಟು, ಇನ್ನೊಂದು ಕೈ ಮುಚ್ಚಿ ತಂದಳು.

ಆಚಾನ್ ಭೂತಗನ್ನಡಿ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತೆತ್ತದೆ ಕೇಳಿದಳು: "ಇದು... ಯಾವ ಚೌಕದ ಹತ್ರ ಸಿಕ್ತು ಅಮ್ಮ?"

ತೊಂಗ್‌ಬಾಯ್‌ಳ ಮೊಣಕಾಲಿಗೆ ರಾಶಿಯ ಎಲೆ ಇನ್ನೂ ಅಂಟಿಕೊಂಡಿತ್ತು. ಅದು ಆಚಾನ್‌ಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ಕೇಳಿದಳು. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಯಾವುದಾದರೊಂದು ಸಂಖ್ಯೆ, ಹದಿನಾಲ್ಕು ಎಂದರೆ ಸಾಕು. ಹದಿನಾಲ್ಕು ಎಂಬ ಒಂದು ಮಾತಿಗೆ ಯಾಂಗ್ ಮರ ಉಳಿಯುತ್ತದೆ, ಗುಡಿ ಉಳಿಯುತ್ತದೆ, ಚಾಪೆಯ ಮೇಲಿನವನು ಹಿರಿಯರ ಮುಖ ನೋಡಿ ಕಣ್ಣುಮುಚ್ಚಬಹುದು. ಶೀಲ ಹೇಗೂ ಬೆಳಗ್ಗೆಯೇ ಮುರಿದಿದೆ. ಅವಳ ಬಾಯಿ ತೆರೆಯಿತು.

"ನೀವೇ ಅಂದ್ರಲ್ಲ ಆಚಾನ್," ಎಂದಳು. "ಇರುವೆನ ಯಾರೂ ನೆಡೋಕಾಗಲ್ಲ ಅಂತ."

ಆಚಾನ್ ಪೆನ್ನು ಕೆಳಗಿಟ್ಟಳು. ಅವಳ ಭುಜ ಅಲುಗುತ್ತಿತ್ತು. ತೊಂಗ್‌ಬಾಯ್ ಆ ಬೆನ್ನ ಮೇಲೆ ಮಣ್ಣಿನ ಕೈಯಿಟ್ಟಳು, ಇರುವೆ ಇದ್ದ ಇನ್ನೊಂದು ಕೈಯನ್ನು ದೂರ ಹಿಡಿದು.

"ಅಡಿಯಲ್ಲಿ ಷರಾ ಬರೀತೀನಿ," ಎಂದಳು ಆಚಾನ್ ಕೊನೆಗೆ. "ಎಲೆ ಗುಡಿಸಿದ್ರಿಂದ ಸೊನ್ನೆ ಬಂತು ಅಂತ."

"ಓದ್ತಾರಾ?"

ಆಚಾನ್ ಸಹಿ ಹಾಕಿ, ಸೀಸೆ ಕಟ್ಟತೊಡಗಿದಳು.

ಇನ್ನೂ ಬಿಸಿಲಿತ್ತು. ತೊಂಗ್‌ಬಾಯ್ ಬುಟ್ಟಿ ತುಂಬ ಎಲೆ ತುಂಬಿ, ಅದರ ಮೇಲೆ ಆ ಚಿಕ್ಕದನ್ನು ಬಿಟ್ಟು, ಮೊದಲ ಚೌಕಕ್ಕೆ ಹೊತ್ತು ತಂದಳು. ನೂಲಿನೊಳಗೆ ಬಾಗಿ ಹಿಡಿಹಿಡಿಯಾಗಿ ಹರಡಿದಳು. ಬಾಡಿದ ಹೂವನ್ನು ಅಲ್ಲೇ ಬಿಟ್ಟಳು. ಎರಡನೆಯ ಬುಟ್ಟಿಗೆ ಹಿಂದಿರುಗುವಾಗ ಸವಾಯ್ ಎದುರಿಗೆ ಬಂದಳು.

"ಅಕ್ಕಾ, ಎಣಿಕೆ ಮುಗೀತಲ್ಲ. ಈಗ್ಯಾಕೆ ಇದೆಲ್ಲ? ಮನೇಲಿ ಅವನು ಕಾಯ್ತಿರ್ತಾನೆ. ಏನು ಹೇಳ್ತೀಯಾ ಅವನಿಗೆ?"

"ಗುಡಿಸು ಅಂದ, ಗುಡಿಸಿದೆ. ಮತ್ತೆ ಹರಡಿ ಬಂದೆ ಅಂತೀನಿ. ಮಿಕ್ಕಿದ್ದು ಅವನೇ ಕೇಳಿದ್ರೆ, ಮಿಕ್ಕಿದ್ದೂ ಹೇಳ್ತೀನಿ." ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಅವಕ್ಕೂ ಮನೆ ಬೇಡ್ವೇನೆ? ಸೋಮವಾರದವರೆಗಾದ್ರೂ."

ಸವಾಯ್ ಉಟ್ಟ ಬಟ್ಟೆಯ ಅಂಚು ಸೊಂಟಕ್ಕೆ ಸಿಕ್ಕಿಸಿ ರಾಶಿಯ ಕಡೆಗೆ ನಡೆದಳು. ಇನ್ನೂ ಹತ್ತೊಂಬತ್ತು ಚೌಕ ಬಾಕಿ ಇತ್ತು.