ಭುವನಾ ಕೇಳಿದ್ದು

ದಿಂಬಿನ ಮೇಲೆ ರಕ್ತದ ಕಲೆ ಕಂಡ ಭಾಗ್ಯಲಕ್ಷ್ಮಿ ಮಗಳ ತುಟಿ ಬಿಡಿಸಿ ನೋಡಿದಳು. ವಸಡಿನ ಸುತ್ತ ಕೆಂಪಗೆ ಜಿನುಗುತ್ತಿತ್ತು. ಬೇವಿನೆಲೆಯ ಹಾಸಿನ ಮೇಲೆ ಮಲಗಿದ್ದ ಭುವನಾಳ ಮೈತುಂಬ ಸೀತಾಳೆ ಅಮ್ಮನ ಗುಳ್ಳೆಗಳು. ನಿನ್ನೆ ನೀರು ತುಂಬಿದ್ದ ಕೆಲವು ಇವತ್ತು ಕಪ್ಪಿಟ್ಟಿದ್ದವು.

ಭುವನಾಳಿಗೆ ಮೊದಲಿಂದಲೂ ಒಂದು ಕಾಯಿಲೆ. ರಕ್ತ ನಿಲ್ಲಿಸುವ ಕಣಗಳನ್ನು ಅವಳ ದೇಹವೇ ಕೊಲ್ಲುತ್ತದೆ, ಯಾವ ಜ್ವರ ಬಂದರೂ ಅವು ಇನ್ನಷ್ಟು ಇಳಿಯಬಹುದು, ತಡ ಮಾಡದೆ ಕರೆತನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದು ಸೇಲಂನ ಡಾಕ್ಟರು ಹೇಳಿದ್ದರು. ಆದರೆ ಗುಳ್ಳೆ ಎದ್ದ ದಿನವೇ ಅತ್ತೆ ಸಿದ್ದಲಕ್ಷ್ಮಮ್ಮ ಬಾಗಿಲಿಗೆ ಬೇವು ಸಿಕ್ಕಿಸಿ ಮಾತ್ರೆ ಎತ್ತಿಟ್ಟಿದ್ದಳು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಇಲ್ಲ, ಔಷಧಿ ಇಲ್ಲ, ತಲೆಗೆ ನೀರು ಹಾಕುವವರೆಗೆ ಮಗು ಹೊಸ್ತಿಲು ದಾಟುವಂತಿಲ್ಲ. ಭಾಗ್ಯಲಕ್ಷ್ಮಿಯೂ ಕೈಮುಗಿದು ಒಪ್ಪಿದ್ದಳು. ಗಂಡ ಚಿನ್ನಸ್ವಾಮಿ ಕುರಿ ಹೊಡೆದುಕೊಂಡು ದೂರ ಹೋಗಿದ್ದ.

"ಅತ್ತೆ, ಬಾಯಾಗೆ ರಕ್ತ ಬತ್ತಾ ಐತೆ. ಸೇಲಂಗೆ ಓಗಾನ."

"ಅಮ್ಮನ್ನ ರೈಲ್ನಾಗೆ ಕೂರಿಸ್ಕೊಂಡು ಊರೂರು ಸುತ್ತಿಸ್ತೀಯಾ? ಸಾಮಿ ಕುತ್ತಂ ಆಯ್ತದೆ, ಮಾರಿಯಮ್ಮ ಮುನಿಸ್ಕೊಂತಾಳೆ."

ಗುಳ್ಳೆ ಎದ್ದಾಗಿನಿಂದ ಮುದುಕಿ ಮೊಮ್ಮಗಳನ್ನು ಹೆಸರು ಹಿಡಿದು ಕರೆದಿರಲಿಲ್ಲ, ತಾಯಿ ಎನ್ನುತ್ತಿದ್ದಳು. ಎಳನೀರು ಕೇಳಿದರೆ ಎಳನೀರು, ತಾಳೆಮರದ ತಾಟಿನುಂಗು ಕೇಳಿದರೆ ತಾಟಿನುಂಗು. ಮೈಮೇಲೆ ಅಮ್ಮ ಇರುವಾಗ ಮಗು ಕೇಳಿದ್ದಕ್ಕೆ ಇಲ್ಲ ಎನ್ನಬಾರದು. ಅದು ನೆನಪಾಗಿ ಭಾಗ್ಯಲಕ್ಷ್ಮಿ, ತಪ್ಪಾದರೆ ತನ್ನ ತಲೆಗಿರಲಿ ಎಂದು ಮಾರಿಯಮ್ಮನನ್ನು ಬೇಡಿಕೊಂಡು, ಮಗಳ ಮುಂದೆ ಮಂಡಿಯೂರಿದಳು.

"ನಿಂಗೇನು ಬೇಕು, ತಾಯಿ?"

ಭುವನಾ ಬಾಯಲ್ಲಿ ಸೇರಿದ್ದನ್ನು ನುಂಗಿ ಅಜ್ಜಿಯನ್ನು ನೋಡಿದಳು. "ಬಯ ಆಯ್ತದೆ ಅಜ್ಜಿ. ಡಾಕ್ಟ್ರ ಅತ್ರ ಕರ್ಕೊಂಡೋಗು."

ಸಿದ್ದಲಕ್ಷ್ಮಮ್ಮ ಮಗುವಿನ ತುಟಿಯಂಚಿನ ರಕ್ತವನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಬೇವಿನ ಗೊಂಚಲು ಕೈಗೆತ್ತಿಕೊಂಡು ಸೊಸೆಯನ್ನೇ ಗದರಿದಳು. "ಇನ್ನೂ ಕುಂತೇ ಇದ್ದೀಯಲ್ಲೇ. ತಾಯಿ ಕೇಳವ್ಳೆ, ಏಳು."

ಮೊರಪ್ಪೂರಿನಲ್ಲಿ ಮೂವರೂ ರೈಲು ಹತ್ತಿದಾಗ, ಬೇವು ಕಂಡ ಜನ ಕೈಮುಗಿದು ಇಡೀ ಬೆಂಚು ಬಿಟ್ಟುಕೊಟ್ಟರು. ಒಬ್ಬ ಹೆಂಗಸು ಕೂಸನ್ನು ಸೆರಗಲ್ಲಿ ಮುಚ್ಚಿಕೊಂಡು ಇಳಿದೇ ಹೋದಳು. ತಲೆಯೊಳಗೆ ರಕ್ತ ಬಂದರೆ ಕಷ್ಟ ಎಂದಿದ್ದರು ಡಾಕ್ಟರು. ದಾರಿಯುದ್ದಕ್ಕೂ ಭಾಗ್ಯಲಕ್ಷ್ಮಿ, ತಲೆ ನೋಯುತ್ತದಾ ಎಂದು ಮಗಳನ್ನು ಕೇಳುತ್ತಲೇ ಇದ್ದಳು.

ಆಸ್ಪತ್ರೆಯಲ್ಲಿ, ಮಾತ್ರೆ ನಿಂತದ್ದು ತಿಳಿದು ಡಾಕ್ಟರು ತಮಿಳಿನಲ್ಲಿ ಭಾಗ್ಯಲಕ್ಷ್ಮಿಯನ್ನು ಬೈಯತೊಡಗಿದಾಗ, ನಿಲ್ಲಿಸಿದವಳು ತಾನು ಎಂದಳು ಮುದುಕಿ. ನರ್ಸಮ್ಮ ರಕ್ತ ತೆಗೆದು, ವಸಡಿಗೆ ಹತ್ತಿಯಿಟ್ಟು, ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ ಹೋದಳು.

ಸಿದ್ದಲಕ್ಷ್ಮಮ್ಮ ಕೈ ತೊಳೆದು ಬಂದು ಹತ್ತಿಯನ್ನು ಬೆರಳಲ್ಲಿ ಒತ್ತಿದಳು. ಅದು ಅಂಚಿನಿಂದ ಮೆಲ್ಲಗೆ ಕೆಂಪಾಗುತ್ತ ಬಂತು. ಹೊರಗೆ ಯಾರೋ ರಕ್ತದ ವರದಿಗೆಂದು ಭುವನಾಳ ಹೆಸರು ಕೂಗಿದರು. ಭಾಗ್ಯಲಕ್ಷ್ಮಿ ಎದ್ದು ಓಡಿದಳು. ಮುದುಕಿ ಬೆರಳು ತೆಗೆಯಲಿಲ್ಲ.