ಹುಳುಕಕ್ಕನ ಚೀಟಿಗಳು

ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಹುಳುಕಕ್ಕ ಎಂದೇ ಕರೆಯುತ್ತಿದ್ದೆವು, ಅದೂ ಎದುರಿಗೇ. ಅವರಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ನಾವು ಹನ್ನೊಂದು ಜನ ಸೇರಿ ಕಂಪ್ಯೂಟರ್ ಆಟಗಳನ್ನು ಮಾಡುವವರು. ನಾನು ಚಿತ್ರ ಬರೆಯುವವನು. ನಾವು ಕಟ್ಟಿದ ಆಟ ಜನರ ಕೈಗೆ ಹೋಗುವ ಮೊದಲು ಅದನ್ನು ಆಡಿ, ಎಲ್ಲೆಲ್ಲಿ ಮುರಿಯುತ್ತದೆ ಎಂದು ಹುಡುಕುವುದು ಹುಳುಕಕ್ಕನ ಕೆಲಸ. ಆಟದೊಳಗಿನ ಒಂದೇ ಬಾಗಿಲನ್ನು ಇನ್ನೂರು ಸಲ ತೆಗೆದು ಮುಚ್ಚುತ್ತಿದ್ದರು. ಗೋಡೆಗೆ ಮುಖ ಕೊಟ್ಟು ಕಾಲು ಗಂಟೆ ನಡೆಯುತ್ತಿದ್ದರು. ಹೀಗೆಲ್ಲ ಯಾರು ಆಡುತ್ತಾರೆ ಎಂದು ನಾವು ಗೊಣಗಿದರೆ, ನಾನು ಆಡಿದೆನಲ್ಲ ಎನ್ನುತ್ತಿದ್ದರು. ಅವರ ಮೇಜು ಪ್ರಿಂಟರಿನ ಪಕ್ಕ, ಮೂಲೆಯಲ್ಲಿ. ಆಫೀಸಿಗೆ ಬಂದ ಅತಿಥಿಗಳಿಗೆ ಎಲ್ಲರ ಪರಿಚಯವಾದ ಮೇಲೆ, ನೆನಪಾದರೆ ಅವರ ಪರಿಚಯ.

ಆ ವರ್ಷ ನಾವು ಅಂಬಿಗಿತ್ತಿಯೊಬ್ಬಳ ಆಟ ಮಾಡುತ್ತಿದ್ದೆವು. ಹೊಳೆ ದಾಟಲು ಬರುವವರಲ್ಲಿ ಯಾರನ್ನು ದೋಣಿಗೆ ಹತ್ತಿಸಿಕೊಳ್ಳಬೇಕು, ಯಾರನ್ನು ದಡದಲ್ಲೇ ಬಿಡಬೇಕು ಎಂದು ಆಡುವವರು ನಿರ್ಧರಿಸಬೇಕು. ವಿದೇಶದಲ್ಲಿ ನಡೆಯುವ ಆಟ ತಯಾರಕರ ದೊಡ್ಡ ಸಮ್ಮೇಳನದಲ್ಲಿ ಅದನ್ನು ತೋರಿಸಲು ನಮಗೊಂದು ಸಣ್ಣ ಮಳಿಗೆ ಸಿಕ್ಕಿತ್ತು. ಬಾಸ್ ಮತ್ತು ನಾನು ಹೋಗುವುದೆಂದು ಮೊದಲೇ ಗೊತ್ತಾಗಿತ್ತು. ಹೊರಡಲು ಹದಿನೆಂಟು ದಿನ ಇದ್ದಾಗ ಬಾಸ್‌ಗೆ ಕಿವಿಯ ಆಪರೇಷನ್ ಆಯಿತು. ಒಂದು ತಿಂಗಳು ವಿಮಾನ ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಉಳಿದವರೆಲ್ಲ ಕೆಲಸದಲ್ಲಿ ಕುತ್ತಿಗೆವರೆಗೆ ಮುಳುಗಿದ್ದರು. ಪಾಸ್‌ಪೋರ್ಟೂ ವೀಸಾವೂ ಇದ್ದು, ಕೈ ಸ್ವಲ್ಪ ಬಿಡುವಾಗಿದ್ದವರು ಹುಳುಕಕ್ಕ ಒಬ್ಬರೇ. ಹಿಂದಿನ ವರ್ಷ ಅಲ್ಲಿರುವ ತಮ್ಮನ ಮನೆಗೆ ಹೋಗಿ ಬಂದಿದ್ದರಂತೆ. ನಮಗೆ ಅದೂ ತಿಳಿದಿರಲಿಲ್ಲ.

ನನಗೆ ಒಳಗೊಳಗೇ ಪೆಚ್ಚಾಯಿತು ಎಂದು ಒಪ್ಪಿಕೊಳ್ಳಬೇಕು. ಬಾಸ್ ಮಾತಿನಲ್ಲಿ ಪಳಗಿದವರು. ಹುಳುಕಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಸಾಲದ್ದಕ್ಕೆ ಬಾಯಿ ಬಿಟ್ಟರೆ ಎದುರಿನವರ ತಪ್ಪು ಎತ್ತಿ ತೋರಿಸುವ ಅಭ್ಯಾಸ. ನಾನು ಹತ್ತು ದಿನ ಕೂತು ಪಟ್ಟಿ ಮಾಡಿದೆ: ಯಾವ ಭಾಷಣ ಎಷ್ಟು ಹೊತ್ತಿಗೆ, ಯಾವ ಸಭಾಂಗಣದಿಂದ ಯಾವ ಸಭಾಂಗಣಕ್ಕೆ ಎಷ್ಟು ನಿಮಿಷದ ನಡಿಗೆ ಎಂಬುದೆಲ್ಲ ಅದರಲ್ಲಿತ್ತು. ಹುಳುಕಕ್ಕ ಅದನ್ನು ಪೂರ್ತಿ ಓದಿ, ಇದರಲ್ಲಿ ಮೂರು ಬಿಟ್ಟು ಉಳಿದದ್ದೆಲ್ಲ ಆಮೇಲೆ ವೀಡಿಯೊ ಆಗಿ ಬರುತ್ತದೆ ಎಂದು ಸಮ್ಮೇಳನದ ಕಾರ್ಯಕ್ರಮ ಪಟ್ಟಿಯ ಕೆಳಗೇ ಬರೆದಿದ್ದಾರಲ್ಲ ಎಂದರು. ನಾನು ಅದನ್ನು ನೋಡಿರಲೇ ಇಲ್ಲ. ಆದರೂ ಪಟ್ಟಿ ಬದಲಾಯಿಸಲಿಲ್ಲ.

ಮೊದಲ ದಿನ ಮಳಿಗೆಯನ್ನು ಸರದಿಯ ಮೇಲೆ ನೋಡಿಕೊಂಡೆವು. ನನ್ನ ಬಿಡುವಿನಲ್ಲಿ ನಾನು ಒಂದು ಭಾಷಣದಿಂದ ಇನ್ನೊಂದಕ್ಕೆ ಓಡಿದೆ. ಸಂಜೆ ಹೋಟೆಲಿನ ಕೆಳಗಿನ ಕಾಫಿ ಅಂಗಡಿಯಲ್ಲಿ ಕುಳಿತಾಗ ನನ್ನ ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು ಪುಟ ತುಂಬಿತ್ತು. ಇಡೀ ದಿನದಲ್ಲಿ ನಾನು ಆಡಿದ ಮಾತು ಎಂದರೆ, ಈ ಕುರ್ಚಿ ಖಾಲಿಯಾ ಎಂಬುದೊಂದೇ. ಹುಳುಕಕ್ಕ ಚೀಲದಿಂದ ಅಂಗೈ ಅಗಲದ ಹಳದಿ ಚೀಟಿಗಳ ಕಟ್ಟು ತೆಗೆದರು. ಪ್ರತಿಯೊಂದರ ಮೇಲೂ ಒಂದು ಆಟದ ಹೆಸರು, ಅದನ್ನು ಮಾಡಿದವರ ಗುರುತು, ಅವರು ಏನು ಹೇಳಿದರು, ಯಾವುದಕ್ಕೆ ನಕ್ಕರು ಎಂಬುದೆಲ್ಲ ಇತ್ತು. ಹದಿನಾಲ್ಕು ಚೀಟಿಗಳಿದ್ದವು.

ನಡೆದದ್ದು ಇಷ್ಟು. ಅವರು ತಮ್ಮ ಬಿಡುವಿನಲ್ಲಿ ಸಣ್ಣ ಸಣ್ಣ ಮಳಿಗೆಗಳ ಸಾಲಿಗೆ ಹೋಗಿದ್ದರು. ಅಲ್ಲಿ ಯಾರೂ ಆಡಲು ಬಾರದ ಮಳಿಗೆ ನೋಡಿ ಕುಳಿತು ಆಡಿದರು. ಅದು ಗಡಿಯಾರ ರಿಪೇರಿ ಮಾಡುವವನ ಆಟ. ಎಂಟು ನಿಮಿಷ ಆಡುವಷ್ಟರಲ್ಲಿ, ಏಣಿ ಹತ್ತುತ್ತಾ ಕೈಚೀಲ ತೆರೆದರೆ ರಿಪೇರಿಯವನು ನೆಲ ತೂರಿಕೊಂಡು ಪಾತಾಳಕ್ಕೆ ಇಳಿಯುತ್ತಾನೆ ಎಂದು ಕಂಡುಹಿಡಿದರು. ಆಟ ಮಾಡಿದ ಉದ್ದ ಗಡ್ಡದವನ ಮುಖ ಬಾಡಿ ಹೋಯಿತು. ಹುಳುಕಕ್ಕ ಮೊದಲು, ಗಡಿಯಾರದ ಮುಳ್ಳಿನ ಸದ್ದು ತಮಗೆ ಎಷ್ಟು ಹಿಡಿಸಿತೆಂದು ಹೇಳಿದರು. ಆಮೇಲೆ ಯಾವ ಗುಂಡಿಯ ನಂತರ ಯಾವುದು ಒತ್ತಿದರೆ ಹೀಗಾಗುತ್ತದೆ ಎಂದು ಇನ್ನೊಂದು ಹಳದಿ ಚೀಟಿಯಲ್ಲಿ ಬರೆದುಕೊಟ್ಟು, ಅವನ ಕೈಯಲ್ಲೇ ಒಮ್ಮೆ ಮಾಡಿಸಿದರು. ಗಡ್ಡದವನು ಅಲ್ಲೇ ಕುಳಿತು ಅರ್ಧ ಗಂಟೆಯಲ್ಲಿ ಸರಿಪಡಿಸಿದ. ಆಮೇಲೆ ಪಕ್ಕದ ಮಳಿಗೆಯವರನ್ನು ಕರೆತಂದ.

ತಪ್ಪು ಹೇಳಿದರೆ ಯಾರಿಗಾದರೂ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದೆ. ಹುಳುಕಕ್ಕ ತಮ್ಮ ಅಮ್ಮನ ವಿಷಯ ಹೇಳಿದರು. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ, ಹೊಲಿದು ಬಂದ ಅಂಗಿಗಳನ್ನು ಪರೀಕ್ಷಿಸುವ ಮೇಜಿನ ಮುಂದೆ ನಿಂತವರು. ಹೊಲಿಗೆ ತಪ್ಪಿದ ಅಂಗಿಯನ್ನು ಬೇರೆ ಪರೀಕ್ಷಕರು ಬುಟ್ಟಿಗೆ ಎಸೆದರೆ, ಅಮ್ಮ ಅದನ್ನು ಹೊಲಿದವಳ ಹತ್ತಿರ ತಾವೇ ಒಯ್ಯುತ್ತಿದ್ದರು.

"ಕಾಲರ್ ಚೆನ್ನಾಗಿ ಕೂತಿದೆ ಅಂತ ಮೊದ್ಲು ಹೇಳೋರು. ಆಮೇಲೆ ತೋಳಿನ ಹತ್ರ ಬೆರಳಿಟ್ಟು ತೋರ್ಸೋರು," ಎಂದರು ಹುಳುಕಕ್ಕ. "ತಪ್ಪು ಹೇಳಿ ಹೊರಟು ಹೋಗ್ಬಾರ್ದು, ಅದು ಸರಿಯಾಗೋ ತನಕ ಪಕ್ಕದಲ್ಲಿ ನಿಲ್ಬೇಕು ಅಂತ ನಮ್ಮಮ್ಮ ಹೇಳ್ತಿದ್ರು."

ಎರಡನೆಯ ದಿನ ನಾನು ಪಟ್ಟಿಯಲ್ಲಿ ವೀಡಿಯೊ ಆಗಿ ಬಾರದ ಮೂರು ಭಾಷಣಗಳನ್ನು ಉಳಿಸಿಕೊಂಡು ಉಳಿದದ್ದಕ್ಕೆ ಗೀಟು ಹಾಕಿದೆ. ಭಾಷಣ ಮುಗಿದ ಮೇಲೆ ಮಾತಾಡಿದವರ ಹತ್ತಿರ ಹೋಗಿ ಒಂದೇ ಒಂದು ಪ್ರಶ್ನೆ ಕೇಳಬೇಕೆಂದು ಹುಳುಕಕ್ಕ ಹೇಳಿದ್ದರು. ಹಾಗೆಯೇ ಹೋಗಿ ಕೇಳಿದೆ. ನೀರಿನ ಮೇಲೆ ಬೆಳಕು ಬರೆಯುವ ಬಗ್ಗೆ ಮಾತಾಡಿದ ಕಲಾವಿದೆಯೊಬ್ಬಳು ನನ್ನನ್ನು ಊಟದ ಮೇಜಿಗೇ ಕರೆದುಕೊಂಡು ಹೋದಳು. ಅವಳು ಕೈ ಒರೆಸುವ ಕಾಗದದ ಮೇಲೆ ಗೀಚಿ ತೋರಿಸಿದ್ದು ನನ್ನ ಇಪ್ಪತ್ತಾರು ಪುಟಕ್ಕಿಂತ ತೂಕದ್ದಾಗಿತ್ತು. ನಮ್ಮ ಹೊಳೆಯ ಬೆಳಕು ಇವತ್ತು ಹೇಗಿದೆಯೋ ಅದು ಆ ಊಟದ ಮೇಜಿನಲ್ಲಿ ಕಲಿತದ್ದು.

ನಾನು ಮಳಿಗೆಗೆ ಹಿಂತಿರುಗಿದಾಗ ಎದುರು ಸಾಲು ನಿಂತಿತ್ತು. ನಮ್ಮ ಆಟ ಆಡಲು ಬಂದವರು ಎಂದು ನನ್ನ ಎದೆ ಉಬ್ಬಿತು. ಹತ್ತಿರ ಹೋಗಿ ನೋಡಿದರೆ, ಅವರಲ್ಲಿ ಅರ್ಧದಷ್ಟು ಜನ ತಮ್ಮ ತಮ್ಮ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದರು. ಹುಳುಕಕ್ಕ ಒಬ್ಬೊಬ್ಬರಿಗೆ ಹತ್ತು ನಿಮಿಷ ಎಂದು ಹೇಳಿ, ಆ ಹತ್ತು ನಿಮಿಷ ಅವರ ಆಟ ತಾವು ಆಡುತ್ತಿದ್ದರು. ಅಷ್ಟು ಹೊತ್ತು ಅವರು ನಮ್ಮ ದೋಣಿ ನಡೆಸಬೇಕು. ಇದೇ ಒಪ್ಪಂದ. ಬಾಸ್ ಕೊಟ್ಟು ಕಳಿಸಿದ್ದ ವಿಸಿಟಿಂಗ್ ಕಾರ್ಡುಗಳ ಪೆಟ್ಟಿಗೆಯ ಅಂಟುಪಟ್ಟಿಯನ್ನೂ ಹುಳುಕಕ್ಕ ಕಿತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಿಜವಾದ ಪರೀಕ್ಷೆ ಇತ್ತು. ಆಟಗಳನ್ನು ಆರಿಸಿ ಪ್ರಪಂಚಕ್ಕೆಲ್ಲ ತಲುಪಿಸುವ ಪ್ರಕಾಶನ ಸಂಸ್ಥೆಯೊಂದರ ಮುಖ್ಯಸ್ಥೆಯ ಹದಿನೈದು ನಿಮಿಷವನ್ನು ಬಾಸ್ ನಾಲ್ಕು ತಿಂಗಳ ಹಿಂದೆಯೇ ಕಾದಿರಿಸಿದ್ದರು. ಬೆಳ್ಳಿ ಕೂದಲಿನ ಆ ಹೆಂಗಸು ಗಾಜಿನ ಗೋಡೆಯ ಸಣ್ಣ ಕೋಣೆಯಲ್ಲಿ ನೆಟ್ಟಗೆ ಕುಳಿತಿದ್ದರು. ನಾನು ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವರು ತಲೆಯಾಡಿಸಿ ಆಡಲು ಶುರುಮಾಡಿದರು. ಏಳನೆಯ ನಿಮಿಷದಲ್ಲಿ, ನಡು ಹೊಳೆಯಲ್ಲಿ, ದೋಣಿ ಮಾಯವಾಯಿತು. ಅಂಬಿಗಿತ್ತಿಯೂ, ದೋಣಿ ಹತ್ತಿದ್ದ ಮುದುಕನೂ ಮೇಕೆಯೂ ನೀರಿನ ಮೇಲೆ ಗಾಳಿಯಲ್ಲಿ ಕುಳಿತೇ ಇದ್ದರು.

ನಾನು ಲ್ಯಾಪ್‌ಟಾಪ್ ಹಳೆಯದು ಎಂದು ಏನೋ ತೊದಲುತ್ತಾ, ಮತ್ತೆ ಮೊದಲಿನಿಂದ ಶುರುಮಾಡಲು ಕೈ ಚಾಚಿದೆ. ಹುಳುಕಕ್ಕ ನನ್ನ ಮಣಿಕಟ್ಟು ಹಿಡಿದರು.

"ಮುಟ್ಬೇಡ," ಎಂದರು ನಮ್ಮ ಭಾಷೆಯಲ್ಲಿ. "ಇದು ನನ್ನ ನಲವತ್ತೊಂದನೇದು."

ಆಮೇಲೆ ಆ ಹೆಂಗಸಿನ ಕಡೆ ತಿರುಗಿ, ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಈ ತಪ್ಪು ಎರಡು ತಿಂಗಳಲ್ಲಿ ತಮಗೆ ಎರಡೇ ಸಲ ಕಾಣಿಸಿದೆ, ಹೇಗೆ ಆಗುತ್ತದೆ ಎಂದು ಹಿಡಿಯಲಾಗಿಲ್ಲ, ಇನ್ನೂ ಸರಿಯಾಗದ ತಪ್ಪುಗಳ ಪಟ್ಟಿಯಲ್ಲಿ ನಲವತ್ತೊಂದನೆಯದಾಗಿ ಕುಳಿತಿದೆ. ದಯವಿಟ್ಟು ಈಗ ಏನೇನು ಒತ್ತಿದಿರಿ, ನೆನಪಿದ್ದಷ್ಟು ಹೇಳಿ ಎಂದರು. ಹಳದಿ ಚೀಟಿ ಆಗಲೇ ಮೇಜಿನ ಮೇಲಿತ್ತು. ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಕಳೆದುಹೋದ ಬೀಗದ ಕೈ ಸಿಕ್ಕವರ ಸಂತೋಷವಿತ್ತು.

ಬೆಳ್ಳಿ ಕೂದಲಿನವರ ಕಣ್ಣು ಆ ಚೀಟಿಯ ಮೇಲೆ ಬಿತ್ತು. ಹಳದಿ ಚೀಟಿಯ ಹೆಂಗಸು ನೀವೇನಾ ಎಂದು ಕೇಳಿದರು. ಬೆಳಗಿನಿಂದ ತಮ್ಮ ಹತ್ತಿರ ಬಂದ ಮೂರು ತಂಡದವರ ಕೈಯಲ್ಲಿ ಅಂಥ ಚೀಟಿ ನೋಡಿದ್ದರಂತೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು, ನಾನು ಮೇಕೆಗೆ ಹುಲ್ಲು ಕೊಡುತ್ತಲೇ ಹುಟ್ಟು ಬದಲಾಯಿಸಿದೆ ಎಂದರು. ಇಬ್ಬರೂ ಸೇರಿ ಮತ್ತೆ ಆಡಿದರು. ದೋಣಿ ಮತ್ತೆ ಮಾಯವಾಯಿತು. ಹುಳುಕಕ್ಕ ಅವರಿಗೆ ಥ್ಯಾಂಕ್ಸ್ ಹೇಳಿದರು. ಇಬ್ಬರೂ ಒಟ್ಟಿಗೆ ನಕ್ಕರು. ಹದಿನೈದು ನಿಮಿಷ ಐವತ್ತಾಯಿತು. ಹೊರಗೆ ಕಾಯುತ್ತಿದ್ದವರು ಗಾಜಿನೊಳಗೆ ಇಣುಕಿ ನೋಡಿ ಬೇರೆ ಕಡೆ ಹೋದರು.

ಏಳುವಾಗ ಆಕೆ ನನ್ನ ಕೈ ಕುಲುಕಿ ಹೇಳಿದ ಮಾತು ಇದು: ನನ್ನ ಮುಂದೆ ಆಟ ಮುರಿದು ಬಿದ್ದಾಗ ಕ್ಷಮೆ ಕೇಳುವ ತಂಡಗಳನ್ನು ದಿನವೂ ನೋಡುತ್ತೇನೆ, ಧನ್ಯವಾದ ಹೇಳಿದ ತಂಡವನ್ನು ನೋಡಿದ್ದು ಇದೇ ಮೊದಲು.

ಹಿಂತಿರುಗುವ ವಿಮಾನದಲ್ಲಿ ಹುಳುಕಕ್ಕ ಚೀಟಿಗಳನ್ನು ಮಡಿಲಲ್ಲಿ ಹರಡಿಕೊಂಡು ವಿಂಗಡಿಸಿದರು. ಬಂದ ವಾರದೊಳಗೆ ಐವತ್ತಮೂರು ಜನಕ್ಕೆ ಪತ್ರ ಹೋಗಬೇಕು, ತಡವಾದರೆ ಮುಖ ಮರೆಯುತ್ತದೆ ಎಂದು ಹಟ ಹಿಡಿದರು. ಇಂಗ್ಲಿಷ್ ತಿದ್ದಲು ನಾನು ಕುಳಿತೆ. ಪ್ರತಿ ಪತ್ರದಲ್ಲೂ ಅವರವರ ಆಟದ ಒಂದು ಮಾತು ಇತ್ತು, ಒಂದೂ ಇನ್ನೊಂದರ ನಕಲಾಗಿರಲಿಲ್ಲ. ನಲವತ್ತು ಜನ ಉತ್ತರ ಬರೆದರು. ಏಳನೆಯ ವಾರ ಪ್ರಕಾಶನ ಸಂಸ್ಥೆಯಿಂದ ಒಪ್ಪಂದದ ಕಾಗದ ಬಂತು. ಕಿವಿಗೆ ಇನ್ನೂ ಹತ್ತಿ ಇಟ್ಟುಕೊಂಡಿದ್ದ ಬಾಸ್ ಅದನ್ನು ಎರಡು ಸಲ ಓದಿ, ಪ್ರಿಂಟರನ್ನು ತಾವೇ ತಳ್ಳಿಕೊಂಡು ಹೋಗಿ ಇನ್ನೊಂದು ಗೋಡೆಗೆ ಇಟ್ಟರು. ಹುಳುಕಕ್ಕನ ಮೇಜು ಪ್ರಿಂಟರ್ ಇದ್ದ ಜಾಗಕ್ಕೆ, ಕಿಟಕಿಯ ಬಳಿಗೆ ಬಂತು. ಎರಡು ತಿಂಗಳಲ್ಲಿ ಅವರ ಕೈ ಕೆಳಗೆ ಇಬ್ಬರು ಹೊಸ ಪರೀಕ್ಷಕಿಯರು ಸೇರಿದರು.

ಮರುವರ್ಷ ಸಮ್ಮೇಳನದವರು ಹುಳುಕಕ್ಕನನ್ನು ಮಾತಾಡಲು ಕರೆದರು. ತಪ್ಪನ್ನು ಹೇಗೆ ಹೇಳಬೇಕು ಎಂಬುದೇ ವಿಷಯ. ತೊಂಬತ್ತು ಕುರ್ಚಿಗಳ ಕೋಣೆ ತುಂಬಿ, ಗೋಡೆಗೆ ಒರಗಿಯೂ ಜನ ನಿಂತಿದ್ದರು. ಅವರು ಅಲ್ಲಲ್ಲಿ ಪದಕ್ಕಾಗಿ ತಡವರಿಸಿದರು. ಯಾರೂ ಎದ್ದು ಹೋಗಲಿಲ್ಲ. ನಾನು ಮುಂದಿನ ಸಾಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದೆ. ಚಪ್ಪಾಳೆ ನಿಲ್ಲುವ ಮೊದಲೇ ಪಕ್ಕದ ಕುರ್ಚಿಯವನು ನನ್ನ ಕಡೆ ಬಾಗಿ, ಆಕೆ ನಿಮಗೆ ಗೊತ್ತಾ ಎಂದು ಕೇಳಿದ.

ಗೊತ್ತು ಎಂದೆ. ನಾನು ಮಾಡಿದ್ದನ್ನೆಲ್ಲ ಮೊದಲು ಮುರಿದು ನೋಡುವವರು ಅವರೇ ಎಂದೆ.